ಆವೆಮಣ್ಣಿನ ಮೇಲಿನ ಹೆಜ್ಜೆಗಳು



ಸಭೆಗೆ ಬರುವ ಮೊದಲು ನಲ್ಲೂರಿನ ಹುಣಸೆ ತೋಪಿಗೆ ಹೋಗಿ ಒಂದು ಗಳಿಗೆ ಕೂತು ಬಂದೆ. ದೇವನಹಳ್ಳಿ ಸೀಮೆಯಲ್ಲಿ ಹುಟ್ಟಿದ ನನಗೆ ಆ ತೋಪು ಹೊಸದಲ್ಲ. ಆದರೂ ಪ್ರತಿಸಲ ಹೋದಾಗ ಆ ಮರಗಳ ಬೊಡ್ಡೆ ನೋಡಿ ಮಾತು ನಿಂತುಹೋಗುತ್ತದೆ. 54 ಎಕರೆ ಜಾಗ, ಮುನ್ನೂರರ ಹತ್ತಿರ ಮರ. ನಾನೂರು ವರ್ಷ ದಾಟಿದವು ಎಂದು ಹೇಳುವ ಮರಗಳು ಈಗಲೂ ಕಾಯಿ ಬಿಡುತ್ತವೆ. 2007ರಲ್ಲಿ ಸರ್ಕಾರ ಇದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿತು. ಆ ವರ್ಷವನ್ನು ನೆನಪಿಟ್ಟುಕೊಳ್ಳಿ, ಮಾತಿನ ಮಧ್ಯೆ ಮತ್ತೆ ಅಲ್ಲಿಗೆ ಬರುತ್ತೇನೆ.

ಈ ದತ್ತಿ ಉಪನ್ಯಾಸ ಒಬ್ಬ ದೈಹಿಕ ಶಿಕ್ಷಣ ಮೇಷ್ಟ್ರ ನೆನಪಿನಲ್ಲಿ ನಡೆಯುತ್ತಿದೆ. ಅವರ ಮಕ್ಕಳು ನನ್ನನ್ನು ಕರೆಯಲು ಬಂದಾಗ ಒಂದೇ ಮಾತು ಹೇಳಿದರು: "ಹೆಣ್ಣುಮಕ್ಕಳ ಆಟದ ಬಗ್ಗೆ ಮಾತಾಡಿ ಮೇಡಂ, ನಮ್ಮಪ್ಪ ಅದಕ್ಕೇ ಜೀವ ತೇದವರು." ನಾನು ಓದಿದ ಶಾಲೆಯಲ್ಲಿ ಹುಡುಗಿಯರಿಗೆ ಎರಡು ಆಟ ಇದ್ದವು, ಥ್ರೋಬಾಲ್ ಮತ್ತು ಟೆನಿಕಾಯ್ಟ್. ಟೆನಿಕಾಯ್ಟನ್ನು ನಾವು ರಿಂಗ್ ಆಟ ಅನ್ನುತ್ತಿದ್ದೆವು. ಬಲೆಯ ಮೇಲೆ ರಬ್ಬರ್ ರಿಂಗ್ ಎಸೆಯುತ್ತಾ, ಇಂಥದೇ ಬಲೆಯ ಆಚೆ ಈಚೆ ಬ್ಯಾಟು ಹಿಡಿದು ಆಡುವವರು ಬೆಂಗಳೂರಿನ ಕ್ಲಬ್ಬುಗಳಲ್ಲಿ ಇದ್ದಾರಂತೆ ಎಂದು ಮಾತಾಡಿಕೊಳ್ಳುತ್ತಿದ್ದೆವು. ಆ ಆಟದ ಒಂದು ಎಳೆಯನ್ನು ಈ ಹೊತ್ತು ಹಿಡಿದಿದ್ದೇನೆ: ಆವೆಮಣ್ಣಿನ ಅಂಕಣದಲ್ಲಿ, ಹೆಣ್ಣುಮಕ್ಕಳಿಗೆಂದೇ ನಡೆದ ವೃತ್ತಿಪರ ಟೆನಿಸ್ ಟೂರ್ನಿಯ ಚರಿತ್ರೆ. ಬಹುಪಾಲು ಕಥೆ ಅಮೆರಿಕದ ಒಂದು ಟೂರ್ನಿಯದು. ನಡುವೆ ನಮ್ಮ ಬೆಂಗಳೂರಿನದೂ ಬರುತ್ತದೆ.

ಮೊದಲು ಹೆಸರಿನ ವಿಚಾರ. ಪತ್ರಿಕೆಗಳ ಕ್ರೀಡಾಪುಟ ಓದುವವರಿಗೆ ‘ಆವೆಮಣ್ಣಿನ ಅಂಕಣ’ ಎಂಬ ಮಾತು ಗೊತ್ತು. ಇಂಗ್ಲಿಷಿನವರು ಅದನ್ನು ಕ್ಲೇ ಕೋರ್ಟ್ ಅನ್ನುತ್ತಾರೆ, ಅಂದರೆ ಜೇಡಿಮಣ್ಣಿನ ಅಂಕಣ. ನಿಜದಲ್ಲಿ ಯುರೋಪಿನ ಕೆಂಪು ಅಂಕಣದ ಮೇಲ್ಮೈಯಲ್ಲಿ ಹಸಿ ಜೇಡಿ ಇರುವುದಿಲ್ಲ. ಇರುವುದು ಸುಟ್ಟ ಇಟ್ಟಿಗೆಯನ್ನು ಕುಟ್ಟಿ ಜರಡಿ ಹಿಡಿದ ಪುಡಿ. ಆವೆ ಎಂದಾಗ ನನಗೆ ಆವಗೆ ನೆನಪಾಗುತ್ತದೆ; ಆವಗೆ ಎಂದರೆ ಕುಂಬಾರರು ಮಡಕೆ ಸುಡುವ ಗೂಡು. ಬೆಂಕಿ ಕಂಡ ಮಣ್ಣಿಗೆ ಆವಗೆಯ ನೆನಪಿರುವ ಹೆಸರೇ ತಕ್ಕದ್ದು. ಕ್ರೀಡಾಪುಟದಲ್ಲಿ ಈ ಮಾತನ್ನು ಮೊದಲು ಬಳಸಿದವರು ಯಾರೋ, ಅವರಿಗೆ ನನ್ನ ನಮಸ್ಕಾರ.

ಹೆಸರು ಎಷ್ಟು ಸರಿ ಎಂಬುದಕ್ಕೆ ಒಂದು ಹಳೆಯ ಕಥೆಯಿದೆ. 1880ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಮತ್ತು ಅರ್ನೆಸ್ಟ್ ರೆನ್‌ಶಾ ಎಂಬ ಅವಳಿ ಸಹೋದರರು ಫ್ರಾನ್ಸಿನ ಕಾನ್ ಪಟ್ಟಣದಲ್ಲಿ ಟೆನಿಸ್ ಆಡುತ್ತಿದ್ದರಂತೆ. ಅಲ್ಲಿನ ಬಿಸಿಲಿಗೆ ಅಂಕಣದ ಹುಲ್ಲು ಸುಟ್ಟು ಹೋಗುತ್ತಿತ್ತು. ಹತ್ತಿರದ ವಲ್ಲೋರಿಸ್ ಕುಂಬಾರರ ಊರು. ಆವಗೆಯಲ್ಲಿ ಒಡೆದ, ಸೀಳಿದ ಮಡಕೆಗಳ ರಾಶಿ ಅಲ್ಲಿ ಬಿದ್ದಿರುತ್ತಿತ್ತು. ಅದನ್ನು ಪುಡಿ ಮಾಡಿಸಿ ತಂದು ಹುಲ್ಲಿನ ಮೇಲೆ ಹರಡಿದರು. ಆವೆಮಣ್ಣಿನ ಅಂಕಣ ಹುಟ್ಟಿದ್ದು ಹೀಗೆ ಎಂದು ಟೆನಿಸ್ ಲೋಕ ಇಂದಿಗೂ ಹೇಳಿಕೊಳ್ಳುತ್ತದೆ. ಕುಂಬಾರನ ಮನೆಯ ಒಡಕು ಬೋಕಿ ಆಟದ ನೆಲವಾಯಿತು. ನಮ್ಮ ಹುಡುಗಿಯರು ಕುಂಟೆಬಿಲ್ಲೆಗೆ ಬಳಸುವುದೂ ಆ ಬೋಕಿಯನ್ನೇ.

ಪ್ಯಾರಿಸ್ಸಿನ ರೋಲ್ಯಾಂಡ್ ಗ್ಯಾರೋಸ್ ಅಂಕಣವನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಅದು ನಮ್ಮ ಹೊಲದ ಕೆಮ್ಮಣ್ಣಿನ ಹಾಗೆ ಆಳದವರೆಗೂ ಕೆಂಪು ಅನ್ನಿಸುತ್ತದೆ. ಕೆಂಪಿನ ದಪ್ಪ ಒಂದೆರಡು ಮಿಲಿಮೀಟರ್ ಮಾತ್ರ. ಅದರ ಕೆಳಗೆ ಬಿಳಿ ಸುಣ್ಣಕಲ್ಲಿನ ಪುಡಿ, ಆಮೇಲೆ ಕಲ್ಲಿದ್ದಲಿನ ಕಿಟ್ಟ, ಜಲ್ಲಿ, ದೊಡ್ಡ ಕಲ್ಲು. ಮಳೆ ನೀರು ಇಳಿದು ಹೋಗಲು ಈ ಏರ್ಪಾಟು. ದಿನಾ ನೀರು ಹಾಕಬೇಕು, ಗುಂಡು ಎಳೆಯಬೇಕು, ಬಲೆ ಎಳೆದು ಪುಡಿಯನ್ನು ಸಮ ಮಾಡಬೇಕು, ಗೆರೆಗಳ ಮೇಲಿನ ದೂಳು ಗುಡಿಸಬೇಕು. ರಾಗಿ ಕಣ ಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಹೊಡೆದು, ಸಗಣಿ ಸಾರಿಸಿದ ಕಣದ ಮೇಲೆ ಬರಿಗಾಲಲ್ಲಿ ಓಡಿದವಳು ನಾನು. ಅಂಕಣ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅದರೊಳಗಿನ ಕಣ ಕೇಳಿಸುತ್ತದೆ.

ಈ ನೆಲದ ಮೇಲೆ ಆಟ ಬೇರೆಯಾಗುತ್ತದೆ. ಹುಲ್ಲಿನ ಮೇಲೆ ಚೆಂಡು ಜಾರಿ ತಗ್ಗಿನಲ್ಲಿ ಓಡುತ್ತದೆ. ಆವೆಮಣ್ಣಿನ ಪುಡಿ ಚೆಂಡನ್ನು ಒಂದು ಕ್ಷಣ ಹಿಡಿದು, ವೇಗ ತಗ್ಗಿಸಿ, ಎತ್ತರಕ್ಕೆ ಪುಟಿಸುತ್ತದೆ. ಹೀಗಾಗಿ ಬರೀ ತೋಳಬಲದ ಸರ್ವ್ ಇಲ್ಲಿ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಎದುರಾಳಿಗೆ ಚೆಂಡಿನ ಬಳಿಗೆ ಓಡಲು ಹೊತ್ತು ಸಿಗುತ್ತದೆ. ಒಂದು ಪಾಯಿಂಟಿಗೆ ಇಪ್ಪತ್ತು ಹೊಡೆತ, ಮೂವತ್ತು ಹೊಡೆತ. ಜಾರಿಕೊಂಡೇ ಹೋಗಿ ಹೊಡೆಯುವುದನ್ನು ಕಲಿಯಬೇಕು. ಚೆಂಡು ಬಿದ್ದಲ್ಲಿ ಅಚ್ಚು ಉಳಿಯುತ್ತದೆ. ಗೆರೆಯ ಒಳಗೋ ಹೊರಗೋ ಎಂಬ ತಕರಾರು ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು ಆ ಅಚ್ಚು ನೋಡಿ ಹೇಳುವುದು ಹಳೆಯ ರೂಢಿ. ತಾಳ್ಮೆ, ದಮ್ಮು, ಲೆಕ್ಕಾಚಾರ ಇದ್ದವರ ನೆಲ ಇದು. ಹೆಣ್ಣುಮಕ್ಕಳ ಆಟದಲ್ಲಿ ಬಲವಿಲ್ಲ, ನೋಡಲು ಜನ ಬರುವುದಿಲ್ಲ ಎನ್ನುತ್ತಿದ್ದ ಕಾಲದಲ್ಲಿ ಅವರ ಆಟದ ಪೂರ್ತಿ ಸೊಗಸು ಕಂಡದ್ದು ಈ ನೆಲದ ಮೇಲೆ ಎಂಬುದು ನನ್ನ ನಂಬಿಕೆ.

ಹಣ ಪಡೆದು ಆಡಿದ ಮೊದಲ ದೊಡ್ಡ ಆಟಗಾರ್ತಿ ಬಂದದ್ದೂ ಈ ನೆಲದಿಂದ. ಫ್ರಾನ್ಸಿನ ಸುಜಾನ್ ಲೆಂಗ್ಲೆನ್ 1926ರಲ್ಲಿ ಅಮೆರಿಕದ ಸಂಘಟಕ ಸಿ.ಸಿ. ಪೈಲ್ ಜೊತೆ 50,000 ಡಾಲರ್‌ಗೆ ಒಪ್ಪಂದ ಮಾಡಿಕೊಂಡು ಊರೂರು ಸುತ್ತಿ ಆಡಿದಳು. ಹಣ ಮುಟ್ಟಿದ ಕೂಡಲೆ ವಿಂಬಲ್ಡನ್ ಬಾಗಿಲು ಅವಳಿಗೆ ಮುಚ್ಚಿತು. ಆಗಿನ ನಿಯಮದಲ್ಲಿ ಆಟದಿಂದ ಹೊಟ್ಟೆ ಹೊರೆಯುವವರಿಗೆ ದೊಡ್ಡ ಟೂರ್ನಿಗಳಲ್ಲಿ ಜಾಗ ಇರಲಿಲ್ಲ. ಗಂಡಿಗೂ ಹೆಣ್ಣಿಗೂ ನಿಯಮ ಒಂದೇ. ಹೊಡೆತ ಒಂದೇ ಅಲ್ಲ, ಏಕೆಂದರೆ ಗಂಡಸರಿಗೆ ವೃತ್ತಿಪರ ಪ್ರವಾಸ ತಂಡಗಳಿದ್ದವು. ಹೆಣ್ಣುಮಕ್ಕಳಿಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

1968ರಲ್ಲಿ ಬಾಗಿಲು ತೆರೆಯಿತು. ಹವ್ಯಾಸಿಗಳೂ ವೃತ್ತಿಪರರೂ ಒಟ್ಟಿಗೆ ಆಡಿದ ಮೊದಲ ಗ್ರ್ಯಾಂಡ್‌ಸ್ಲಾಮ್ ಪ್ಯಾರಿಸ್ಸಿನ ಆವೆಮಣ್ಣಿನ ಮೇಲೆ ನಡೆಯಿತು. ಮಹಿಳೆಯರಲ್ಲಿ ಗೆದ್ದವಳು ಅಮೆರಿಕದ ನ್ಯಾನ್ಸಿ ರಿಚಿ. ಅವಳು ಇನ್ನೂ ಹವ್ಯಾಸಿ ಎಂದೇ ನೋಂದಾಯಿತಳಾಗಿದ್ದಳು, ಆದ್ದರಿಂದ ಗೆದ್ದರೂ ಬಹುಮಾನದ ಹಣ ಅವಳ ಕೈಗೆ ಬರಲಿಲ್ಲ. ಈ ಹೆಸರನ್ನೂ ನೆನಪಿಡಿ.

ಬಾಗಿಲು ತೆರೆದ ಮೇಲೆ ಅನ್ಯಾಯ ಎದ್ದು ಕಂಡಿತು. 1970ರಲ್ಲಿ ಲಾಸ್ ಏಂಜಲೀಸಿನ ಪೆಸಿಫಿಕ್ ಸೌತ್‌ವೆಸ್ಟ್ ಟೂರ್ನಿಯಲ್ಲಿ ಗಂಡಸರ ವಿಜೇತನಿಗೆ 12,500 ಡಾಲರ್, ಮಹಿಳಾ ವಿಜೇತೆಗೆ 1,500 ಡಾಲರ್ ಎಂದು ಸಾರಿದರು. ‘ವರ್ಲ್ಡ್ ಟೆನಿಸ್’ ಪತ್ರಿಕೆಯ ಒಡತಿ ಗ್ಲಾಡಿಸ್ ಹೆಲ್ಡ್‌ಮನ್ ಸುಮ್ಮನೆ ಕೂರಲಿಲ್ಲ. ಹ್ಯೂಸ್ಟನ್ನಿನಲ್ಲಿ ಹೆಣ್ಣುಮಕ್ಕಳಿಗೆಂದೇ ಬೇರೆ ಟೂರ್ನಿ ಏರ್ಪಡಿಸಿದಳು. ಆ ಸೆಪ್ಟೆಂಬರ್ 23ರಂದು ಒಂಬತ್ತು ಜನ ಆಟಗಾರ್ತಿಯರು ತಲಾ ಒಂದು ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಬಿಲ್ಲಿ ಜೀನ್ ಕಿಂಗ್ ಇದ್ದಳು, ರೋಸಿ ಕೆಸಾಲ್ಸ್ ಇದ್ದಳು, ನಮ್ಮ ನ್ಯಾನ್ಸಿ ರಿಚಿಯೂ ಇದ್ದಳು. ಟೆನಿಸ್ ಸಂಸ್ಥೆ ಅವರನ್ನು ಅಮಾನತು ಮಾಡಿತು. ಅವರು ಹಿಂದೆ ಸರಿಯಲಿಲ್ಲ. ಅವರ ಬೆನ್ನಿಗೆ ನಿಂತ ಹಣ ವರ್ಜೀನಿಯಾ ಸ್ಲಿಮ್ಸ್ ಎಂಬ ಸಿಗರೇಟಿನದು. ಹೆಣ್ಣುಮಕ್ಕಳ ಆಟಕ್ಕೆ ಕಾಸು ಕೊಡಲು ಆ ದಿನ ಹೊಗೆಬತ್ತಿಯವರನ್ನು ಬಿಟ್ಟು ಬೇರೆಯವರು ಮುಂದೆ ಬರಲಿಲ್ಲವಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಮೂರು ವರ್ಷದ ನಂತರ ಬೇರೆ ಹಣ ಬಂತು, ಅದರ ಜೊತೆ ಈ ಹೊತ್ತಿನ ನನ್ನ ಕಥಾನಾಯಕಿಯಾದ ಟೂರ್ನಿಯೂ ಬಂತು. ‘ಫ್ಯಾಮಿಲಿ ಸರ್ಕಲ್’ ಅಮೆರಿಕದ ಗೃಹಿಣಿಯರ ಪತ್ರಿಕೆಯಾಗಿತ್ತು. ಅಡುಗೆ, ಹೊಲಿಗೆ, ಮಕ್ಕಳ ಆರೈಕೆ ಅದರ ವಿಷಯಗಳು. ದಿನಸಿ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಕೈಗೆತ್ತಿಕೊಳ್ಳುತ್ತಿದ್ದ ಪತ್ರಿಕೆ. 1973ರಲ್ಲಿ ಅದು ಸೌತ್ ಕ್ಯಾರೊಲೈನಾ ರಾಜ್ಯದ ಹಿಲ್ಟನ್ ಹೆಡ್ ದ್ವೀಪದಲ್ಲಿ ಮಹಿಳೆಯರಿಗೆ ಮಾತ್ರವಾದ ಟೂರ್ನಿಯ ಪ್ರಾಯೋಜಕತ್ವ ವಹಿಸಿತು. ಒಟ್ಟು ಬಹುಮಾನ 1,00,000 ಡಾಲರ್, ಗೆದ್ದವರಿಗೆ 30,000. ಗೆದ್ದವರಿಗೆ ಅಷ್ಟು ದೊಡ್ಡ ಮೊತ್ತ ಸಿಕ್ಕಿದ್ದನ್ನು ಮಹಿಳಾ ಟೆನಿಸ್ ಅಲ್ಲಿಯವರೆಗೆ ಕಂಡಿರಲಿಲ್ಲ. ಅಮೆರಿಕದ ರಾಷ್ಟ್ರೀಯ ಟಿ.ವಿ. ಜಾಲದಲ್ಲಿ ಪ್ರಸಾರವಾದ ಮೊದಲ ಮಹಿಳಾ ಟೂರ್ನಿಯೂ ಅದೇ.

ಆ ಮೊದಲ ಫೈನಲ್ ನೋಡಿ: ಒಂದು ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ್ದ ಇಬ್ಬರೇ ಎದುರುಬದುರು. ರೋಸಿ ಕೆಸಾಲ್ಸ್ ಒಂದು ಕಡೆ, ಮದುವೆಯಾಗಿ ನ್ಯಾನ್ಸಿ ಗುಂಟರ್ ಆಗಿದ್ದ ರಿಚಿ ಇನ್ನೊಂದು ಕಡೆ. ಐದು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಗೆದ್ದು ಬರಿಗೈಯಲ್ಲಿ ಹೋಗಿದ್ದವಳು ಇಲ್ಲಿ ಮೊದಲ ಸೆಟ್ 6-3ರಿಂದ ಗೆದ್ದಳು. ಕೆಸಾಲ್ಸ್ 6-1ರಿಂದ ತಿರುಗಿಸಿದಳು. ಮೂರನೆಯದು 7-5, ಕೆಸಾಲ್ಸ್‌ಗೆ. ಐದಡಿಗಿಂತ ಎರಡು ಮೂರು ಅಂಗುಲ ಎತ್ತರದ ಹೆಣ್ಣುಮಗಳು ಅವಳು. ತಂದೆತಾಯಿ ಎಲ್ ಸಾಲ್ವಡಾರಿನಿಂದ ವಲಸೆ ಬಂದವರು. ಸಾಕಲಾರದೆ ಮಗುವನ್ನು ಬಂಧುಗಳ ಕೈಗಿಟ್ಟರು. ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಪಾರ್ಕಿನ ಅಂಕಣದಲ್ಲಿ ಅವಳು ಟೆನಿಸ್ ಕಲಿತಳು. ಕ್ಲಬ್ಬಿನ ಸದಸ್ಯತ್ವ ಅವಳಿಗೆಲ್ಲಿಂದ ಬರಬೇಕು? ಆ ವರ್ಷ ಹೆಣ್ಣುಮಕ್ಕಳ ಟೆನಿಸ್ಸಿಗೆ ಹಬ್ಬದ ವರ್ಷ. ಜೂನ್‌ನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಆಟಗಾರ್ತಿಯರ ಸಂಘ ಡಬ್ಲ್ಯುಟಿಎ ಹುಟ್ಟಿತು. ಯುಎಸ್ ಓಪನ್ ಗಂಡಿಗೂ ಹೆಣ್ಣಿಗೂ ಸಮಾನ ಬಹುಮಾನ ಕೊಟ್ಟಿತು. ಪ್ಯಾರಿಸ್ ಆ ಕೆಲಸಕ್ಕೆ 2007ರವರೆಗೆ ಕಾಯಿಸಿತು.

ಹಿಲ್ಟನ್ ಹೆಡ್ ಮಣ್ಣು ಕೆಂಪಲ್ಲ, ಹಸಿರು. ವರ್ಜೀನಿಯಾದ ಬೆಟ್ಟಗಳ ಹಸಿರುಗಲ್ಲನ್ನು ಪುಡಿ ಮಾಡಿ ಹಾಕುತ್ತಾರೆ. ಕೆಂಪಿಗಿಂತ ತುಸು ಗಟ್ಟಿ, ತುಸು ವೇಗ, ಆದರೂ ಗುಣ ಆವೆಮಣ್ಣಿನದೇ. ಈ ಟೂರ್ನಿಯನ್ನು ಕ್ರಿಸ್ ಎವರ್ಟ್ 1974ರಿಂದ 1978ರವರೆಗೆ ಸತತ ಐದು ಸಲ, ಆಮೇಲೆ 1981, 1984, 1985ರಲ್ಲಿ, ಒಟ್ಟು ಎಂಟು ಸಲ ಗೆದ್ದಳು. ಬೇರೆ ಯಾರೂ ಆ ಲೆಕ್ಕದ ಹತ್ತಿರ ಬಂದಿಲ್ಲ. ಆಗಸ್ಟ್ 1973ರಿಂದ ಮೇ 1979ರವರೆಗೆ ಆವೆಮಣ್ಣಿನ ಮೇಲೆ ಸತತ 125 ಪಂದ್ಯ ಸೋಲಿಲ್ಲದೆ ಆಡಿದವಳು ಅವಳು. ರೋಮ್‌ನಲ್ಲಿ ಟ್ರೇಸಿ ಆಸ್ಟಿನ್ ಎಂಬ ಹದಿನಾರರ ಹುಡುಗಿ ಆ ಸರಪಳಿ ತುಂಡರಿಸಿದಳು. ಆ ವರ್ಷ ಹಿಲ್ಟನ್ ಹೆಡ್ ಕಪ್ಪೂ ಟ್ರೇಸಿಗೇ ಹೋಯಿತು. ಎವರ್ಟ್ ಕಲಿತದ್ದೂ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಊರಿನ ಸಾರ್ವಜನಿಕ ಪಾರ್ಕಿನ ಮಣ್ಣಿನ ಅಂಕಣದಲ್ಲಿ. ಅಪ್ಪ ಜಿಮ್ಮಿ ಎವರ್ಟ್ ಅಲ್ಲಿ ಕೋಚ್ ಆಗಿದ್ದರು.

ಆಮೇಲಿನ ವಿಜೇತೆಯರ ಪಟ್ಟಿ ಉದ್ದವಿದೆ. ನವ್ರಾಟಿಲೋವಾ, ಸ್ಟೆಫಿ ಗ್ರಾಫ್, ಸಬಾಟಿನಿ, ಹಿಂಗಿಸ್, ಹೆನಿನ್, ವೀನಸ್... ಒಂದೊಂದನ್ನೂ ಹೇಳುತ್ತಾ ಕೂರುವುದಿಲ್ಲ. 2001ರಲ್ಲಿ ಟೂರ್ನಿ ದ್ವೀಪ ಬಿಟ್ಟು ಅದೇ ರಾಜ್ಯದ ಚಾರ್ಲ್ಸ್‌ಟನ್ ನಗರಕ್ಕೆ ಬಂತು. ಪ್ರಾಯೋಜಕರು ಬದಲಾದರು, ಹೆಸರು ಬದಲಾಯಿತು. ‘ಫ್ಯಾಮಿಲಿ ಸರ್ಕಲ್’ ಪತ್ರಿಕೆಯೇ 2019ರಲ್ಲಿ ನಿಂತುಹೋಯಿತು. ಟೂರ್ನಿ ಮಾತ್ರ ನಿಲ್ಲಲಿಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ಒಂದು ವರ್ಷ ತಪ್ಪಿತು, ಅಷ್ಟೆ. ಗಂಡಸರ ಟೂರ್ನಿಯ ಪಕ್ಕದಲ್ಲಿ ಬಾಲದಂತೆ ಅಂಟಿಕೊಳ್ಳದೆ, ಹೆಣ್ಣುಮಕ್ಕಳ ಆಟವೊಂದನ್ನೇ ನಂಬಿ ಐವತ್ತು ವರ್ಷ ದಾಟಿದೆ.

ಅಲ್ಲಿನ ಎರಡನೆಯ ಅಂಕಣಕ್ಕೆ ಆಲ್ತಿಯಾ ಗಿಬ್ಸನ್ ಹೆಸರಿದೆ. ಈ ಹೆಸರನ್ನು ನಲ್ಲೂರಿನ ಮಕ್ಕಳು ತಿಳಿದುಕೊಳ್ಳಬೇಕು. ಅವಳು 1927ರಲ್ಲಿ ಅದೇ ಸೌತ್ ಕ್ಯಾರೊಲೈನಾದ ಸಿಲ್ವರ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಕಪ್ಪು ಹುಡುಗಿ. ಅಪ್ಪ ಅಮ್ಮ ಹತ್ತಿ ಹೊಲದಲ್ಲಿ ಬೆಳೆಪಾಲಿಗೆ ದುಡಿಯುತ್ತಿದ್ದರು. ನಮ್ಮ ಕಡೆ ವಾರಕ್ಕೆ ಮಾಡುವುದು ಅನ್ನುತ್ತೇವಲ್ಲ, ಅದೇ. ಬೆಳೆ ಕೈಕೊಟ್ಟು ಕುಟುಂಬ ನ್ಯೂಯಾರ್ಕಿನ ಹಾರ್ಲೆಮ್‌ಗೆ ಗುಳೆ ಹೋಯಿತು. ಮಕ್ಕಳ ಆಟಕ್ಕೆಂದು ವಾಹನ ತಡೆದಿದ್ದ ಬೀದಿಯಲ್ಲಿ ಮರದ ಹಲಗೆ ಹಿಡಿದು ಅವಳು ಚೆಂಡು ಹೊಡೆಯಲು ಕಲಿತಳು. 1955ರ ಕೊನೆಯಲ್ಲಿ ಅಮೆರಿಕ ಸರ್ಕಾರ ಆಟಗಾರರ ತಂಡವೊಂದನ್ನು ಏಷ್ಯಾ ಪ್ರವಾಸಕ್ಕೆ ಕಳುಹಿಸಿತು. ಆ ತಂಡದಲ್ಲಿ ಭಾರತಕ್ಕೂ ಬಂದು ಆಡಿ ಹೋದಳು. ಮರುವರ್ಷ, 1956ರಲ್ಲಿ, ಪ್ಯಾರಿಸ್ಸಿನ ಆವೆಮಣ್ಣಿನ ಮೇಲೆ ಕಪ್ ಎತ್ತಿದಳು. ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಕಪ್ಪು ಜನಾಂಗದ ವ್ಯಕ್ತಿ, ಹೆಣ್ಣು ಗಂಡು ಸೇರಿಸಿ ಮೊದಲನೆಯವಳು. ವಾರಗಾರರ ಮಗಳ ಹೆಸರು ಅವಳು ಹುಟ್ಟಿದ ರಾಜ್ಯದ ಅಂಕಣದ ಮೇಲಿದೆ.

ನಮ್ಮ ದೇಶದ ಹೆಣ್ಣುಮಗಳಿಗೂ ಆ ಹಸಿರು ಮಣ್ಣು ಒಲಿಯಿತು. ಹೈದರಾಬಾದಿನ ಸಾನಿಯಾ ಮಿರ್ಜಾ 2011ರಲ್ಲಿ ರಷ್ಯಾದ ಎಲೆನಾ ವೆಸ್ನಿನಾ ಜೊತೆ ಚಾರ್ಲ್ಸ್‌ಟನ್ನಿನ ಡಬಲ್ಸ್ ಗೆದ್ದಳು. ನಾಲ್ಕು ವರ್ಷದ ಮೇಲೆ, 2015ರ ಏಪ್ರಿಲ್ 12ರಂದು, ಮಾರ್ಟಿನಾ ಹಿಂಗಿಸ್ ಜೊತೆ ಮತ್ತೆ ಗೆದ್ದಳು. 6-0, 6-4. ಆ ಗೆಲುವಿನಿಂದಲೇ ಮರುದಿನದ ಪಟ್ಟಿಯಲ್ಲಿ ಡಬಲ್ಸ್‌ನ ವಿಶ್ವದ ನಂಬರ್ 1 ಆದಳು. ಭಾರತದ ಮಹಿಳೆಯೊಬ್ಬಳು ಟೆನಿಸ್‌ನಲ್ಲಿ ಆ ಜಾಗಕ್ಕೆ ಏರಿದ್ದು ಅದೇ ಮೊದಲು. ಆರರ ವಯಸ್ಸಿನಲ್ಲಿ ಆಡಲು ಶುರು ಮಾಡಿದಾಗ ತನಗೆ ಸಿಕ್ಕಿದ್ದು ಸಗಣಿ ಸಾರಿಸಿದ ಅಂಕಣ ಎಂದು ಸಾನಿಯಾ ಹಲವು ಸಲ ಹೇಳಿಕೊಂಡಿದ್ದಾಳೆ. ಸಗಣಿ ಸಾರಿಸಿದ ನೆಲದಿಂದ ಹಸಿರುಗಲ್ಲಿನ ನೆಲಕ್ಕೆ! ಇದನ್ನು ಓದಿದ ದಿನ ನಾನು ಬಹಳ ಹೊತ್ತು ನಮ್ಮ ಮನೆಯ ಕಣವನ್ನೇ ನೆನೆಯುತ್ತಾ ಕೂತಿದ್ದೆ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣವಿದೆ. 2006, 2007, 2008, ಈ ಮೂರು ವರ್ಷ ಅಲ್ಲಿ ಡಬ್ಲ್ಯುಟಿಎ ಟೂರ್ನಿ ನಡೆಯಿತು. ಅಂಕಣ ಆವೆಮಣ್ಣಿನದಲ್ಲ, ಹಾರ್ಡ್‌ಕೋರ್ಟ್. ಆದರೆ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ವೃತ್ತಿಪರ ಟೆನಿಸ್ ಚರಿತ್ರೆ ಎಂದರೆ ಆ ಮೂರು ವರ್ಷವನ್ನು ಬಿಟ್ಟು ಮಾತಾಡಲಾಗದು.

2006ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದಳು. ಆ ವರ್ಷದ ಡಬಲ್ಸ್ ಕಪ್ಪು ಸಾನಿಯಾ ಮತ್ತು ಲೀಜೆಲ್ ಹ್ಯೂಬರ್ ಜೋಡಿಯದು. 2007ರಲ್ಲಿ, ಅಂದರೆ ನಿಮ್ಮ ತೋಪಿಗೆ ಮಾನ್ಯತೆ ಬಂದ ವರ್ಷ, ಯಾರೊಸ್ಲಾವಾ ಶ್ವೆಡೋವಾ ಎಂಬ ಹತ್ತೊಂಬತ್ತರ ಹುಡುಗಿ ಸಾಂತಾಂಜೆಲೊಳನ್ನೇ ಫೈನಲ್‌ನಲ್ಲಿ ಸೋಲಿಸಿದಳು. ಇವರಿಬ್ಬರ ಬಗ್ಗೆ ಒಂದು ಸಂಗತಿ ನನಗೆ ಬಹಳ ಪ್ರಿಯ. ಇಬ್ಬರೂ ಜೀವಮಾನದಲ್ಲಿ ಗೆದ್ದ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಒಂದೊಂದೇ, ಎರಡೂ ಬೆಂಗಳೂರಿನಲ್ಲಿ. ಇಲ್ಲಿ ಸೋತು ನಾಲ್ಕು ತಿಂಗಳಾಗುವ ಮೊದಲೇ ಸಾಂತಾಂಜೆಲೊ ಪ್ಯಾರಿಸ್ಸಿನ ಆವೆಮಣ್ಣಿನ ಮೇಲೆ ಅಲೀಸಿಯಾ ಮೋಲಿಕ್ ಜೊತೆ ಡಬಲ್ಸ್ ಕಿರೀಟ ಗೆದ್ದಳು. ಶ್ವೆಡೋವಾ 2012ರ ವಿಂಬಲ್ಡನ್‌ನಲ್ಲಿ ಸಾರಾ ಎರಾನಿಗೆ ಒಂದು ಪಾಯಿಂಟೂ ಬಿಟ್ಟುಕೊಡದೆ ಇಡೀ ಸೆಟ್ ಗೆದ್ದಳು. ಬೆಂಗಳೂರಿನ ಕಪ್ಪು ಅವರಿಗೆ ಸಣ್ಣ ಕಪ್ಪಲ್ಲ.

2008ರಲ್ಲಿ ಟೂರ್ನಿ ಒಂದು ಮೆಟ್ಟಿಲು ಮೇಲೇರಿತು. ಬಹುಮಾನ 6,00,000 ಡಾಲರ್. ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ಇಬ್ಬರೂ ಬಂದರು. ಅವರೂ ಸಾರ್ವಜನಿಕ ಅಂಕಣದ ಮಕ್ಕಳೇ. ಕ್ಯಾಲಿಫೋರ್ನಿಯಾದ ಕಾಂಪ್ಟನ್ ಎಂಬ ಬಡ ಊರಿನಲ್ಲಿ ಅಪ್ಪ ಆಡಿಸಿ ಬೆಳೆಸಿದವರು. ಅಕ್ಕತಂಗಿಯರ ಸೆಮಿಫೈನಲ್ ನೋಡಲು ನಾನು ಹೋಗಿದ್ದೆ. ತಂಗಿ 6-3, 3-6, 7-6ರಿಂದ ಅಕ್ಕನನ್ನು ದಾಟಿದಳು. ಪಂದ್ಯದ ಸದ್ದಿಗಿಂತ ನನಗೆ ಉಳಿದಿರುವುದು ನನ್ನ ಮುಂದಿನ ಸಾಲಿನಲ್ಲಿದ್ದ ಅಜ್ಜಿ ಮೊಮ್ಮಗಳ ಜೋಡಿ. ಕೊನೆಯ ಟೈಬ್ರೇಕ್ ನಡೆಯುವಾಗ ಅಜ್ಜಿ ಹುಡುಗಿಯ ಕೈ ಹಿಡಿದು, "ಇಬ್ಬರೂ ಒಂದೇ ಮನೆಯೋರಾ? ಹಾಗಾದ್ರೆ ಯಾರು ಗೆದ್ರೂ ಅವರಮ್ಮಂಗೆ ಸಂಕಟಾನೇ" ಎಂದರು. ಮಾರ್ಚ್ 9ರ ಫೈನಲ್‌ನಲ್ಲಿ ಸೆರೆನಾ ಸ್ವಿಟ್ಜರ್ಲೆಂಡಿನ ಪ್ಯಾಟಿ ಶ್ನೈಡರಳನ್ನು 7-5, 6-3ರಿಂದ ಸೋಲಿಸಿದಳು.

ಬೆಂಗಳೂರಿನಿಂದ ಸೆರೆನಾ ಮಯಾಮಿಗೆ ಹೋಗಿ ಗೆದ್ದಳು. ಅಲ್ಲಿಂದ ಚಾರ್ಲ್ಸ್‌ಟನ್ನಿಗೆ. ಏಪ್ರಿಲ್ 20ರಂದು ಹಸಿರು ಮಣ್ಣಿನ ಮೇಲೆ ವೆರಾ ಜ್ವೊನರೇವಾಳನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿ ಸತತ ಮೂರನೆಯ ಕಪ್ ಎತ್ತಿದಳು. ಕಬ್ಬನ್ ಪಾರ್ಕಿನಲ್ಲಿ ಹೊರಟ ಗೆಲುವಿನ ಓಟ ಆವೆಮಣ್ಣಿನವರೆಗೆ ಹರಿಯಿತು. ಅದು ನಿಂತದ್ದು ಮೇ ತಿಂಗಳಲ್ಲಿ, ಬರ್ಲಿನ್ನಿನ ಕೆಂಪು ಅಂಕಣದಲ್ಲಿ, ದಿನಾರಾ ಸಫಿನಾ ಎದುರು. ಬರ್ಲಿನ್ನಿನದೂ ಮಹಿಳೆಯರ ಹೆಸರಾಂತ ಆವೆಮಣ್ಣಿನ ಟೂರ್ನಿ. ಸ್ಟೆಫಿ ಗ್ರಾಫ್ ಅದನ್ನು ಒಂಬತ್ತು ಸಲ ಗೆದ್ದಿದ್ದಳು.

ಹತ್ತು ವಾರದೊಳಗೆ ಒಬ್ಬಳೇ ಆಟಗಾರ್ತಿ ಆಡಿದ ಬೆಂಗಳೂರು, ಚಾರ್ಲ್ಸ್‌ಟನ್, ಬರ್ಲಿನ್, ಈ ಮೂರು ಊರನ್ನು ಒಟ್ಟಿಗೆ ಇಟ್ಟು ನೋಡಿ. ಬರ್ಲಿನ್ನಿನ ಆವೆಮಣ್ಣಿನ ಟೂರ್ನಿಗೆ 2008 ಕೊನೆಯ ವರ್ಷ. ಎಷ್ಟೋ ಕಾಲದ ಮೇಲೆ ಹುಲ್ಲಿನ ಟೂರ್ನಿಯಾಗಿ ಬೇರೆ ರೂಪದಲ್ಲಿ ಅದು ಮರಳಿತು. ಬೆಂಗಳೂರಿಗೂ 2008 ಕೊನೆಯ ವರ್ಷ. ಮರುವರ್ಷ ಡಬ್ಲ್ಯುಟಿಎ ತನ್ನ ಟೂರ್ನಿಗಳ ಶ್ರೇಣಿಯನ್ನೇ ಹೊಸದಾಗಿ ಜೋಡಿಸಿತು. ಆ ಹೊಸ ಪಟ್ಟಿಯಲ್ಲಿ ಬೆಂಗಳೂರು ಇರಲಿಲ್ಲ. ಡಬ್ಲ್ಯುಟಿಎ ಮುಖ್ಯ ಶ್ರೇಣಿಯ ಟೂರ್ನಿ ಭಾರತಕ್ಕೆ ಮತ್ತೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. 2022ರಲ್ಲಿ ಬಂದದ್ದು ಚೆನ್ನೈಗೆ, ಅದೂ ಹಾರ್ಡ್‌ಕೋರ್ಟಿಗೆ. ಮೂರರಲ್ಲಿ ನಿಂತು ಉಳಿದದ್ದು ಚಾರ್ಲ್ಸ್‌ಟನ್ ಒಂದೇ.

ಹದಿನಾಲ್ಕು ವರ್ಷ ಎಂದರೆ ಏನು? ಆ ಅಜ್ಜಿಯ ಪಕ್ಕ ಕೂತಿದ್ದ ಹುಡುಗಿಗೆ ಆಗ ಹತ್ತು ಇದ್ದಿರಬಹುದು. ಇಪ್ಪತ್ತನಾಲ್ಕು ತುಂಬುವವರೆಗೆ, ಆಟಗಾರ್ತಿಯೊಬ್ಬಳು ಕಲಿತು ಬೆಳೆಯುವ ಕಾಲವೆಲ್ಲ ಮುಗಿಯುವವರೆಗೆ, ತನ್ನ ಊರಿನಲ್ಲಿ ಅಂಥ ಇನ್ನೊಂದು ಪಂದ್ಯವನ್ನು ಅವಳು ಕಾಣಲಿಲ್ಲ. ಹಿಲ್ಟನ್ ಹೆಡ್ ಮತ್ತು ಚಾರ್ಲ್ಸ್‌ಟನ್ ಹುಡುಗಿಯರು ವರ್ಷಾ ವರ್ಷಾ ಕಂಡರು. ಚೆಂಡು ಹೆಕ್ಕಿ ಕೊಡಲು, ಟಿಕೆಟ್ ನೋಡಲು, ನೀರು ಹಂಚಲು ಊರಿನವರೇ ಸ್ವಯಂಸೇವಕರಾಗಿ ನಿಂತರು. ತಾಯಿ ಕೆಲಸ ಮಾಡಿದ ಟೂರ್ನಿಯಲ್ಲಿ ಮಗಳು ಕೆಲಸ ಮಾಡುವಷ್ಟು ಕಾಲ ಅದು ನಿಂತಿತು. ದೊಡ್ಡ ಹೆಸರಿನವರು ಒಂದು ಸಲ ಬಂದು ಹೋಗುವುದು ಜಾತ್ರೆ. ವರ್ಷ ತಪ್ಪದೆ ನಡೆಯುವುದು ಬೇಸಾಯ. ನಮ್ಮಲ್ಲಿ ಜಾತ್ರೆ ಚೆನ್ನಾಗಿ ನಡೆಯಿತು, ಬೇಸಾಯ ಹಿಡಿಯಲಿಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ, ಅಂದರೆ ಐಟಿಎಫ್ ದರ್ಜೆಯ ಮಹಿಳಾ ಟೂರ್ನಿಗಳು ಮತ್ತೆ ನಡೆಯುತ್ತಿವೆ, 2025ರ ನವೆಂಬರ್‌ನಲ್ಲಿ ದೇಶಗಳ ಮಹಿಳಾ ತಂಡಗಳು ಆಡುವ ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇ ಆಫ್ ಪಂದ್ಯಗಳೂ ಕಬ್ಬನ್ ಪಾರ್ಕಿನಲ್ಲೇ ನಡೆದವು. ಸಂತೋಷ. ಅವು ನಿಲ್ಲದಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನದೊಂದು ಹಳೆಯ ನೋವನ್ನೂ ಹೇಳಿಬಿಡುತ್ತೇನೆ. ನಾನು ಪದವಿ ಓದಿದ ಕಾಲೇಜಿನಲ್ಲಿ ಒಂದು ಮಣ್ಣಿನ ಟೆನಿಸ್ ಅಂಕಣ ಇತ್ತು. ಸಂಜೆ ನಾಲ್ಕರಿಂದ ಆರು ಹುಡುಗರಿಗೆ, ಆರರ ಮೇಲೆ ಅಧ್ಯಾಪಕರಿಗೆ. ನಮಗೆ ಯಾವಾಗ ಎಂದು ಕೇಳಿದ್ದಕ್ಕೆ, "ಬೆಳಕಿರುವಾಗ ಮನೆ ಸೇರಿಕೊಳ್ಳಿ" ಎಂಬ ಉತ್ತರ ಬಂತು. ಮೂರು ವರ್ಷ ಆ ಬಲೆಯನ್ನು ಹೊರಗಿನಿಂದ ನೋಡಿದೆ. ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಕೆಸಾಲ್ಸ್, ಎವರ್ಟ್, ಗಿಬ್ಸನ್, ವಿಲಿಯಮ್ಸ್ ಅಕ್ಕತಂಗಿಯರ ಜೀವನ ಓದುವಾಗ ನನ್ನ ಕಣ್ಣು ಪ್ರಶಸ್ತಿಗಳ ಮೇಲೆ ನಿಲ್ಲುವುದಿಲ್ಲ. ಅವರು ಮೊದಲು ಚೆಂಡು ಹೊಡೆದ ಜಾಗ ಎಲ್ಲಿತ್ತು ಎಂದು ಹುಡುಕುತ್ತದೆ. ಪ್ರತಿಸಲವೂ ಸಿಗುವುದು ಕ್ಲಬ್ಬಲ್ಲ: ಪಾರ್ಕು, ಬೀದಿ, ಊರಿನ ಅಂಕಣ. ಯಾರದೂ ಅಪ್ಪಣೆ ಬೇಡದ ಜಾಗ.

ಆದ್ದರಿಂದ ದತ್ತಿಯವರ ಮುಂದೆ, ಇಲ್ಲಿ ಕೂತಿರುವ ಪಂಚಾಯಿತಿ ಸದಸ್ಯರ ಮುಂದೆ ಒಂದು ಲೆಕ್ಕ ಇಡುತ್ತೇನೆ. ಟೆನಿಸ್ ಅಂಕಣ 78 ಅಡಿ ಉದ್ದ, ಡಬಲ್ಸ್‌ಗೆ 36 ಅಡಿ ಅಗಲ. ಹಿಂದೆ ಮುಂದೆ, ಅಕ್ಕಪಕ್ಕ ಓಡಲು ಜಾಗ ಸೇರಿಸಿದರೆ 120 ಅಡಿಗೆ 60 ಅಡಿ, ಅಂದರೆ 7,200 ಚದರಡಿ. ಒಂದು ಗುಂಟೆಗೆ 1,089 ಚದರಡಿ. ಏಳು ಗುಂಟೆಯೂ ಪೂರ್ತಿ ಬೇಕಾಗುವುದಿಲ್ಲ. ತೋಪಿನ ಒಂದಿಂಚನ್ನೂ ಮುಟ್ಟುವುದು ಬೇಡ. ಶಾಲೆಯ ಮಗ್ಗುಲಲ್ಲೋ ಊರ ಗೋಮಾಳದಲ್ಲೋ ಅಷ್ಟು ಜಾಗ ಹುಡುಕಬಹುದು. ಇಟ್ಟಿಗೆ ಪುಡಿಗೆ ದೂರ ಹೋಗಬೇಕಿಲ್ಲ, ಹೊಸಕೋಟೆ ದಾಟಿದರೆ ಇಟ್ಟಿಗೆ ಹೆಂಚಿಗೆ ಹೆಸರಾದ ಮಾಲೂರು. ಗೂಡಿನಲ್ಲಿ ಒಡೆದು ಬಿದ್ದ ಇಟ್ಟಿಗೆ ಸಾಕು, ವಲ್ಲೋರಿಸ್ ಕುಂಬಾರರ ಒಡಕು ಮಡಕೆಯಂತೆ. ಕಣ ಮಾಡಲು ಬಲ್ಲ ಹಿರಿಯರು ಇನ್ನೂ ಊರಲ್ಲಿದ್ದಾರೆ. ನೀರು, ಗುಂಡು, ಬಲೆ, ಸುಣ್ಣದ ಗೆರೆಯ ಕೆಲಸವನ್ನು ಅವರ ಕೈಯಲ್ಲಿ ಹುಡುಗಿಯರು ಕಲಿಯಲಿ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಆರು ಹೆಣ್ಣುಮಕ್ಕಳಿಗೆಂದು ಬರೆದು ಬಾಗಿಲ ಮೇಲೆ ಹಾಕಿ. ಆ ಮೇಷ್ಟ್ರ ಹೆಸರನ್ನೇ ಅಂಕಣಕ್ಕೆ ಇಡಿ. ಮುಂದಿನ ವರ್ಷದ ದತ್ತಿ ಉಪನ್ಯಾಸವನ್ನು ಸಭಾಂಗಣದಲ್ಲಿ ಇಡಬೇಡಿ. ಆ ಅಂಕಣದ ಅಂಚಿನಲ್ಲಿ, ಚಾಪೆ ಹಾಸಿ, ಹುಡುಗಿಯರ ಆಟ ಮುಗಿದ ಮೇಲೆ ಇಡಿ. ಕೇಳಲು ನಾನೂ ಬರುತ್ತೇನೆ.